ದೊಡ್ಡ ಗ್ರಿಲ್ಲಾ, ಸ್ಮೋಕರ್ರಾ? ಮೊದಲು ಕೆಂಡ ಕಾಯೋರು ಯಾರು ಹೇಳಿ

ಈ ವಾರದ ಪ್ರಶ್ನೆ ಮೂಡಿಗೆರೆ ಕಡೆಯಿಂದ. ಬರೆದವರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಎರಡು ವಾರಕ್ಕೊಮ್ಮೆ ಶುಕ್ರವಾರ ರಾತ್ರಿ ಬಸ್ ಹತ್ತಿ ಊರಿಗೆ ಹೋಗ್ತಾರೆ. ಅಪ್ಪ, ಅಮ್ಮ ತೋಟದ ಮನೆಯಲ್ಲೇ ಮೂರು ರೂಮಿನ ಹೋಂಸ್ಟೇ ನಡೆಸುತ್ತಿದ್ದಾರೆ. ಈಗಿರೋದು 47 ಸೆಂ.ಮೀ. ಅಗಲದ ಸಣ್ಣ ಇದ್ದಿಲು ಗ್ರಿಲ್. ಎಂಟು ಗೆಸ್ಟ್ ಬಂದರೆ ಚಿಕನ್ ಮೂರು ಸಲ ಹಾಕಬೇಕು, ಕೊನೆಯವರ ತಟ್ಟೆಗೆ ಬರುವ ಹೊತ್ತಿಗೆ ಮೊದಲಿನವರು ಮಲಗಿರ್ತಾರೆ. ಕೈಯಲ್ಲಿರೋದು 30 ಸಾವಿರ. ಇವರಿಗೆ ದೊಡ್ಡ ಗ್ರಿಲ್ ಬೇಕು. ತಮ್ಮನಿಗೆ ಸ್ಮೋಕರ್ರೇ ಆಗಬೇಕು. ‘ಪಕ್ಕದ ಹೋಂಸ್ಟೇಲಿ ಇಲ್ಲದ್ದು ನಮ್ಮಲ್ಲಿ ಇರ್ಲಿ’ ಅನ್ನೋದು ಅವನ ವಾದ. ಅಮ್ಮನ ಮಾತು ಒಂದೇ: ‘ಒಲೆ ಮೇಲೆ ಅಟ್ಟ ಇದೆಯಲ್ಲ, ಅದಕ್ಕಿಂತ ಬೇರೆ ಸ್ಮೋಕರ್ ಬೇಕಾ?’

ಅಮ್ಮನ ಮಾತಿನಿಂದಲೇ ಶುರು ಮಾಡೋಣ, ಯಾಕಂದ್ರೆ ಅದು ಅರ್ಧ ಸತ್ಯ. ಮಲೆನಾಡಿನ ಒಲೆ ಮೇಲಿನ ಅಟ್ಟ ಹಳೇ ಕಾಲದ ಹೊಗೆಮನೆಯೇ. ಆರು ತಿಂಗಳು ಬಿಸಿಲು ಕಾಣದ ಊರಲ್ಲಿ ಮೀನು, ಮಾಂಸ, ಉಪ್ಪಾಗೆ ಸಿಪ್ಪೆ ಎಲ್ಲವೂ ಒಣಗಿದ್ದು ಅಲ್ಲೇ. ಆದರೆ ಆ ಹೊಗೆ ಬೇಯಿಸೋದಿಲ್ಲ, ಒಣಗಿಸುತ್ತೆ. ಉಪ್ಪು ಹಚ್ಚಿ, ದಿನಗಟ್ಟಲೆ ತೂಗುಹಾಕಿ, ಆಮೇಲೆ ಒಲೆ ಮೇಲೆ ಬೇಯಿಸಿ ತಿನ್ನುವ ಪದ್ಧತಿ ಅದು. ಸ್ಮೋಕರ್ ಹಾಗಲ್ಲ. ಅದರೊಳಗೆ 105ರಿಂದ 120 ಡಿಗ್ರಿ ಸೆಲ್ಸಿಯಸ್ ಶಾಖ ಗಂಟೆಗಟ್ಟಲೆ ಒಂದೇ ಸಮ ನಿಲ್ಲಬೇಕು. ಮಾಂಸ ಅಲ್ಲೇ ಬೇಯಬೇಕು, ಹೊಗೆ ಜೊತೆಗೆ ಹತ್ತಬೇಕು. ಅಟ್ಟ ಅದನ್ನು ಮಾಡಲ್ಲ.

ಗ್ರಿಲ್ ಇದಕ್ಕೆ ಪೂರ್ತಿ ಉಲ್ಟಾ. ಕೆಂಡ ನೇರ ಕೆಳಗೆ, 200 ಡಿಗ್ರಿ ಮೀರಿದ ಶಾಖ, ಚಿಕನ್ ತುಂಡು ಮುಕ್ಕಾಲು ಗಂಟೆಯೊಳಗೆ ತಟ್ಟೆಗೆ. ಹೊಳೆ ಏಡಿ, ಹಲಸಿನ ಬೀಜ, ಗೊಜ್ಜಿನ ಬದನೆಕಾಯಿ ಇವನ್ನೆಲ್ಲ ಕೆಂಡದಲ್ಲಿ ಸುಟ್ಟು ಬೆಳೆದ ಕೈಗೆ ಇದನ್ನು ಕಲಿಸಬೇಕಾಗಿಲ್ಲ.

ಶನಿವಾರದ ಲೆಕ್ಕ

ಸ್ಮೋಕರ್ ವಿಡಿಯೋಗಳಲ್ಲಿ ಬೆರಳಲ್ಲಿ ಮುಟ್ಟಿದರೆ ಎಳೆ ಎಳೆಯಾಗಿ ಬಿಡುವ ಪೋರ್ಕ್ ತೋರಿಸ್ತಾರಲ್ಲ, ಅದು ಹಂದಿಯ ಭುಜದ ಭಾಗ. ಆ ಮಾಂಸದಲ್ಲಿ ಗಟ್ಟಿ ನಾರು ಜಾಸ್ತಿ. ಅದು ಕರಗಿ ಮೆತ್ತಗಾಗಲು ಮಾಂಸದ ಒಳಗಿನ ಶಾಖ 90 ಡಿಗ್ರಿ ದಾಟಬೇಕು. 2 ಕಿಲೋ ತುಂಡಿಗೆ 6ರಿಂದ 8 ಗಂಟೆ. ನಡುವೆ 65-75 ಡಿಗ್ರಿಯ ಹತ್ತಿರ ಶಾಖ ಏರೋದೇ ನಿಂತುಬಿಡುತ್ತೆ. ಮಾಂಸ ಬೆವರುತ್ತೆ, ಆ ನೀರು ಆವಿಯಾಗುತ್ತಾ ತಂಪು ಮಾಡುತ್ತೆ, ಅದಕ್ಕೆ ಹೀಗೆ. ಗಾಬರಿಯಾಗಿ ಇನ್ನಷ್ಟು ಇದ್ದಿಲು ಸುರಿಯೋರೇ ಹೆಚ್ಚು. ಬಾಳೆ ಎಲೆಯಲ್ಲಿ ಸುತ್ತಿ, ಮೇಲೆ ಫಾಯಿಲ್ ಬಿಗಿದರೆ ಸಾಕು, ಮತ್ತೆ ಏರುತ್ತೆ.

ಈಗ ಹೇಳಿ, ರಾತ್ರಿ ಎಂಟೂವರೆಗೆ ಊಟ ಅಂದ್ರೆ ಬೆಳಿಗ್ಗೆ ಹನ್ನೊಂದರೊಳಗೆ ಬೆಂಕಿ ಹಿಡಿಯಬೇಕು. ಆಮೇಲೆ ಅರ್ಧ ಗಂಟೆಗೊಮ್ಮೆ ಹೋಗಿ ನೋಡಬೇಕು. ನೀವು ಊರಲ್ಲಿರೋ ಶನಿವಾರ ಸರಿ. ನೀವಿಲ್ಲದ ಶನಿವಾರ? ಅಪ್ಪ ಕಣದಲ್ಲೋ ತೋಟದಲ್ಲೋ ಇರ್ತಾರೆ. ತಮ್ಮ ಗೆಸ್ಟ್‌ಗಳನ್ನ ಜೀಪಿನಲ್ಲಿ ಬೆಟ್ಟಕ್ಕೆ ಕರ್ಕೊಂಡು ಹೋಗಿರ್ತಾನೆ. ಉಳಿದವರು ಅಮ್ಮ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಸಂಜೆ ಕಾಫಿ, ರೂಮಿನ ಬೆಡ್‌ಶೀಟ್, ಇಷ್ಟರ ನಡುವೆ ಇನ್ನೊಂದು ಬೆಂಕಿ. ಆಸೆ ತಮ್ಮನದು, ಸ್ಮೋಕರ್ ಬರೋದು ಅಮ್ಮನ ತಲೆ ಮೇಲೆ. ನಿಮ್ಮ ಪತ್ರದಲ್ಲಿ ಬೆಲೆ, ಬ್ರ್ಯಾಂಡ್, ಸೈಜ್ ಎಲ್ಲ ಇದೆ, ಈ ವಿಷಯ ಮಾತ್ರ ಇಲ್ಲ.

ನನ್ನ ಉತ್ತರ: ಮುಚ್ಚಳ ಇರುವ ದೊಡ್ಡ ಗ್ರಿಲ್

‘ಮುಚ್ಚಳ ಇರುವ’ ಅನ್ನೋದನ್ನ ಎರಡು ಸಲ ಓದಿ. ಬರೀ ತೆರೆದ ತಟ್ಟೆ ಥರದ್ದು ಎಷ್ಟು ದೊಡ್ಡದಾದರೂ ಅದು ಸಿಗಡಿಯೇ. ಆಳವಾದ ಮುಚ್ಚಳ, ಮೇಲೊಂದು ಕೆಳಗೊಂದು ಗಾಳಿ ಕಿಂಡಿ ಇದ್ದರೆ ಅದೇ ಗ್ರಿಲ್ ಸ್ಮೋಕರ್ ಕೆಲಸವನ್ನೂ ಮಾಡುತ್ತೆ. ಈ ದುಂಡು ಗ್ರಿಲ್ ಹುಟ್ಟಿದ್ದೇ ಗಾಳಿಯ ಕಾಟಕ್ಕೆ. 1952ರಲ್ಲಿ ಶಿಕಾಗೊ ಬಳಿಯ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್‌ನಲ್ಲಿ ಕೆಲಸದಲ್ಲಿದ್ದ ಜಾರ್ಜ್ ಸ್ಟೀಫನ್, ನೀರಿನಲ್ಲಿ ತೇಲಿಬಿಡುವ ಲೋಹದ ಬೋಯಾದ ಎರಡು ಅರ್ಧಗಳನ್ನ ಪಾತ್ರೆ, ಮುಚ್ಚಳ ಮಾಡಿಕೊಂಡ. ಮಳೆಗೂ ಗಾಳಿಗೂ ಹೆದರುವ ನಮ್ಮೂರಿಗೆ ಹೇಳಿ ಮಾಡಿಸಿದ ಹಾಗಿದೆ.

ಸೈಜ್ ಬಗ್ಗೆ: 47ರಿಂದ 57 ಸೆಂ.ಮೀ.ಗೆ ಹೋದರೆ ‘ಹತ್ತು ಸೆಂಟಿಮೀಟರ್ ತಾನೇ’ ಅನಿಸುತ್ತೆ. ಆದರೆ ವೃತ್ತದ ಲೆಕ್ಕದಲ್ಲಿ ಜಾಗ ಸುಮಾರು ಒಂದೂವರೆ ಪಟ್ಟಾಗುತ್ತೆ. ಮೂರು ಸಲ ಹಾಕೋದು ಎರಡು ಸಲಕ್ಕೆ ಇಳಿಯುತ್ತೆ. ಹಳೇ ಗ್ರಿಲ್ ಕೂಡ ಪಕ್ಕದಲ್ಲಿದ್ದರೆ ಇನ್ನೂ ಬೇಗ ಮುಗಿಯುತ್ತೆ.

ಹಾಗಾಗಿ ಹಳೇದನ್ನು ಮಾರಬೇಡಿ. ಹೊರನಾಡು, ಕಳಸ ನೋಡಿಕೊಂಡು ಬರುವವರಲ್ಲಿ ಸಸ್ಯಾಹಾರಿಗಳು ಎಷ್ಟೊಂದು ಜನ! ಚಿಕನ್ ಸುಟ್ಟ ಸರಳಿನ ಮೇಲೆ ಪನೀರ್ ಇಟ್ಟು ‘ತೊಳೆದಿದ್ದೀವಿ’ ಅಂದರೆ ಅವರು ನಕ್ಕು, ಮೊಸರನ್ನ ತಿಂದು ಮಲಗ್ತಾರೆ. ಸಣ್ಣ ಗ್ರಿಲ್ ಇನ್ನು ಮುಂದೆ ಅವರದ್ದೇ ಇರಲಿ: ಜೋಳ, ಅನಾನಸ್, ಗೆಣಸು, ಪನೀರ್. ಅದನ್ನ ಬುಕ್ಕಿಂಗ್ ಮೆಸೇಜಿನಲ್ಲೇ ಹೇಳಿ.

ಗ್ರಿಲ್‌ನಲ್ಲೇ ಹೊಗೆ ಹಾಕೋದು

ಕೆಂಡವನ್ನೆಲ್ಲ ಒಂದೇ ಪಕ್ಕಕ್ಕೆ ಸರಿಸಿ. ಇನ್ನೊಂದು ಪಕ್ಕದಲ್ಲಿ ಕೆಳಗೆ ನೀರಿನ ತಟ್ಟೆ, ಅದರ ಮೇಲೆ ಸರಳು, ಸರಳಿನ ಮೇಲೆ ಮಾಂಸ. ಮುಚ್ಚಳದ ಕಿಂಡಿ ಮಾಂಸದ ಮೇಲೆ ಬರುವಂತಿರಲಿ, ಅದು ಪೂರ್ತಿ ತೆರೆದಿರಲಿ. ಶಾಖ ಹೆಚ್ಚು-ಕಮ್ಮಿ ಮಾಡೋದು ಕೆಳಗಿನ ಕಿಂಡಿಯಿಂದ. ದಪ್ಪ ಬಿಳಿ ಹೊಗೆ ಬಂದರೆ ಮಾಂಸ ಕಹಿಯಾಗುತ್ತೆ. ತೆಳ್ಳಗೆ, ನೀಲಿಛಾಯೆಯ ಹೊಗೆ ಬರುವತನಕ ಕಾಯಿರಿ. ಮೊದಲ ಸಲ ಇಡೀ ಕೋಳಿಯಲ್ಲಿ ಪ್ರಯತ್ನಿಸಿ, ಒಂದೂವರೆ ಗಂಟೆಯ ಆಟ. ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಒಂದು ತಗೊಳ್ಳಿ. ಕೋಳಿಗೆ ಒಳಗೆ 74 ಡಿಗ್ರಿ ಆಗಲೇಬೇಕು, ಬಣ್ಣ ನೋಡಿ ನಂಬಬೇಡಿ. ಪೋರ್ಕ್ ಮಾಡೋದಾದ್ರೆ ಅಂಗಡಿಯವರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಅಭ್ಯಾಸಬಲದಿಂದ ಸಾರಿನ ತುಂಡು ಮಾಡಿಬಿಡ್ತಾರೆ.

ಹೊಗೆಗೆ ಸೌದೆ ಕೊಳ್ಳಬೇಕಾಗಿಲ್ಲ. ಕಸಿ ಮಾಡುವಾಗ ಬೀಳುವ ಕಾಫಿ ರೆಂಬೆ ಗಟ್ಟಿ ಮರ, ನಿಧಾನಕ್ಕೆ ಉರಿಯುತ್ತೆ. ಸೀಬೆ, ಮಾವು ಕೂಡ ಆಗುತ್ತೆ. ಒಂದು ಬೇಸಿಗೆಯಾದರೂ ಸೂರಿನಡಿ ಒಣಗಿರಬೇಕು. ಆದರೆ ಬಿಳಿ ಕಾಂಡಕೊರಕಕ್ಕೆ ಔಷಧಿ ಹೊಡೆದ ಗಿಡದ ಕಾಂಡ ಬೇಡವೇ ಬೇಡ. ಯಾವುದಕ್ಕೆ ಹೊಡೆದಿದ್ದೀರಿ ಅಂತ ಅಪ್ಪನನ್ನ ಕೇಳಿ, ಅವರಿಗೆ ಗೊತ್ತಿರುತ್ತೆ. ನೀಲಗಿರಿ, ಪ್ಲೈವುಡ್, ಬಣ್ಣ ಬಳಿದ ಹಲಗೆ ಇವೂ ದೂರ.

‘ವೆಲ್ಡಿಂಗ್ ಶಾಪಲ್ಲಿ 200 ಲೀಟರ್ ಡ್ರಮ್ ಸೀಳಿಸಿ ಮಾಡಿಸಿದ್ರೆ?’ ಅಂತಲೂ ಕೇಳಿದ್ದೀರಿ. ಮಾಡಿಸಬಹುದು, ಉದ್ದಕ್ಕೆ ಸೀಳಿ ಮುಚ್ಚಳ ಕೂರಿಸಿದರೆ ಎರಡೂ ಕೆಲಸಕ್ಕೆ ಬರುತ್ತೆ. ಡ್ರಮ್ ಮೊದಲು ಏನು ಹೊತ್ತಿತ್ತು ಅನ್ನೋದೇ ಮುಖ್ಯ. ತಿನ್ನುವ ಎಣ್ಣೆಯದ್ದಾದರೆ ಸರಿ. ಕೆಮಿಕಲ್ಲಿನದ್ದು, ಬೋರ್ಡೋ ಕಲಸಿದ್ದು ಬೇಡ. ಸತುವಿನ ಲೇಪ ಇರುವ ತಗಡೂ ಬೇಡ, ಕಾದಾಗ ಅದರ ಹೊಗೆ ವಿಷ.

ಎರಡು ಎಚ್ಚರಿಕೆ

ಡಿಸೆಂಬರ್ ಚಳಿಯಲ್ಲಿ ಗೆಸ್ಟ್ ಒಬ್ಬರು ‘ಉಳಿದ ಕೆಂಡ ರೂಮಿಗೆ ಕೊಡಿ, ಬೆಚ್ಚಗಿರುತ್ತೆ’ ಅಂತ ಕೇಳೇ ಕೇಳ್ತಾರೆ. ಟೆಂಟ್ ಹಾಕಿಕೊಂಡವರೂ ಕೇಳ್ತಾರೆ. ಕೊಡಬೇಡಿ. ಇದ್ದಿಲ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳೋದಿಲ್ಲ. ಬೇಜಾರು ಮಾಡ್ಕೊಂಡರೂ ಪರವಾಗಿಲ್ಲ, ಇನ್ನೊಂದು ಕಂಬಳಿ ಕೊಡಿ. ಮಳೆ ಅಂತ ಗ್ರಿಲ್ಲನ್ನ ಮುಚ್ಚಿದ ಜಗಲಿಯೊಳಗೆ ಎಳೆದುಕೊಳ್ಳೋದೂ ಇದೇ ತಪ್ಪು.

ಎರಡನೆಯದು, ಫೆಬ್ರವರಿಯಿಂದ ಮೊದಲ ಮಳೆವರೆಗೆ ತೋಟದ ತರಗೆಲೆ ಬೆಂಕಿಗೇ ಕಾದು ಕೂತಿರುತ್ತೆ. ಸುತ್ತ ನೆಲ ಗುಡಿಸಿ, ಬಕೆಟ್ ನೀರು ಪಕ್ಕದಲ್ಲಿಡಿ. ಬೂದಿಗೆ ನೀರು ಹೊಯ್ದು, ಪೂರ್ತಿ ತಣ್ಣಗಾದ ಮೇಲೆಯೇ ಚೆಲ್ಲಿ.

ತಮ್ಮನಿಗೊಂದು ಮಾತು

ಅವನ ಆಸೆಯನ್ನ ತಳ್ಳಿಹಾಕಬೇಡಿ. ಹೊಗೆ ಹಿಡಿದ ಪೋರ್ಕ್ ಜೊತೆ ಅಕ್ಕಿರೊಟ್ಟಿ ಕೊಟ್ಟರೆ ಗೆಸ್ಟ್ ಮತ್ತೆ ಬರ್ತಾರೆ, ಅದು ನಿಜ. ಅವನಿಗೆ ಮೂರು ಶನಿವಾರ ಕೊಡಿ. ಹೊಸ ಗ್ರಿಲ್‌ನಲ್ಲೇ, ಬೆಳಿಗ್ಗೆ ಇದ್ದಿಲು ಹಚ್ಚೋದರಿಂದ ರಾತ್ರಿ ಬೂದಿ ತೆಗೆಯೋವರೆಗೆ ಅವನೇ ಮಾಡಲಿ, ಅಮ್ಮನನ್ನ ಒಂದು ಸಲವೂ ಕೂಗದೆ. ಮೂರನೇ ಶನಿವಾರವೂ ಅವನು ಅಲ್ಲೇ ಕೂತಿದ್ದು, ಒಂದು ಭುಜ ಸಾಲದು, ನಾಲ್ಕು ಬೇಕು ಅಂತ ಗೆಸ್ಟ್ ಕೇಳುವ ಹಾಗಾದರೆ ಆಗ ಸ್ಮೋಕರ್ ತಗೊಳ್ಳಿ. ಅಷ್ಟು ಹೊತ್ತಿಗೆ ಅದು ಅವನ ಹೊಗೆಯಾಗಿರುತ್ತೆ, ಅದರ ದುಡ್ಡನ್ನೂ ಅವನ ಅಡುಗೆಯೇ ದುಡಿದುಕೊಟ್ಟಿರುತ್ತೆ.

30 ಸಾವಿರದಲ್ಲಿ ಗ್ರಿಲ್ ಕೊಂಡ ಮೇಲೆ ಏನಾದರೂ ಉಳಿದರೆ ಥರ್ಮಾಮೀಟರ್, ಇದ್ದಿಲು ಒದ್ದೆಯಾಗದಂತೆ ಇಡಲು ಮುಚ್ಚಳದ ಡಬ್ಬ, ಕೆಂಡ ಸರಿಸಲು ಉದ್ದ ಹಿಡಿಯ ಇಕ್ಕಳ ತಗೊಳ್ಳಿ. ಆಮೇಲೂ ಉಳಿದರೆ ಶನಿವಾರ ಸಂಜೆ ಪಾತ್ರೆ ತೊಳೆಯಲು ಒಬ್ಬರನ್ನ ಗೊತ್ತು ಮಾಡಿ. ಮನೆಗೆ ಬರುವ ಹೊಸ ಬೆಂಕಿಯ ಜೊತೆ ಅಮ್ಮನ ಒಂದು ಕೆಲಸವಾದರೂ ಕಡಿಮೆಯಾಗಬೇಕಲ್ವಾ?