ತಪ್ಪು ಇಂಗ್ಲಿಷಿನದು, ಸುಳಿವು ಕನ್ನಡದ್ದು

‘ದ ಪ್ರೈಸ್ ಆಫ್ ಅರೆಕಾನಟ್ಸ್ ಹ್ಯಾವ್ ಗಾನ್ ಅಪ್.’ ಸ್ಪರ್ಧಾತ್ಮಕ ಪರೀಕ್ಷೆಯ ಇಂಗ್ಲಿಷ್ ಭಾಗದಲ್ಲಿ ಇಂಥದೊಂದು ವಾಕ್ಯವನ್ನು ತುಂಡು ತುಂಡು ಮಾಡಿ, ತಪ್ಪು ಯಾವ ತುಂಡಿನಲ್ಲಿದೆ ಎಂದು ಕೇಳುತ್ತಾರೆ. ಚನ್ನಗಿರಿಯ ಅಡಿಕೆ ಬೆಳೆಗಾರರ ಮನೆಯ ಪದವೀಧರೆಯೂ ಇಲ್ಲಿ ಎಡವುತ್ತಾಳೆ. ಕ್ರಿಯಾಪದದ ಪಕ್ಕದಲ್ಲೇ ‘ಅರೆಕಾನಟ್ಸ್’ ಎಂಬ ಬಹುವಚನ ಕೂತಿರುವುದರಿಂದ ‘ಹ್ಯಾವ್’ ಕಿವಿಗೆ ಸರಿಯಾಗಿಯೇ ಕೇಳಿಸುತ್ತದೆ. ಅದೇ ಮಾತನ್ನು ಅವಳು ಮನೆಯಲ್ಲಿ ಎಷ್ಟೋ ಸಲ ಆಡಿರುತ್ತಾಳೆ: ‘ಅಡಿಕೆ ರೇಟು ಏರಿದೆ.’ ಏರಿದ್ದು ರೇಟು ಎಂಬುದರಲ್ಲಿ ಅವಳಿಗೆ ಯಾವತ್ತೂ ಅನುಮಾನ ಬಂದಿಲ್ಲ. ರೇಟು ಏಕವಚನ, ಹಾಗಾಗಿ ‘ಹ್ಯಾಸ್’. ಉತ್ತರ ಅವಳ ಬಾಯಲ್ಲೇ ಇತ್ತು.

ಕನ್ನಡದಲ್ಲಿ ವಿವರಣೆಯೆಲ್ಲ ಮೊದಲು ಬಂದು, ಯಾವುದರ ಬಗ್ಗೆ ಮಾತೋ ಆ ನಾಮಪದ ಕೊನೆಗೆ, ಕ್ರಿಯಾಪದದ ಹತ್ತಿರ ನಿಲ್ಲುತ್ತದೆ. ‘ಸೂಳೆಕೆರೆಯ ನಾಲೆಗಳ ನೀರು ಕಡಿಮೆಯಾಗಿದೆ’ ಎಂದಾಗ ಕಡಿಮೆಯಾದದ್ದು ಕೆರೆಯೋ ನಾಲೆಯೋ ಎಂಬ ಗೊಂದಲ ಯಾರಿಗೂ ಇಲ್ಲ. ಇಂಗ್ಲಿಷಿನಲ್ಲಿ ಮುಖ್ಯ ನಾಮಪದ ಮುಂದೆ ಬರುತ್ತದೆ, ಉಳಿದ ಸರಂಜಾಮೆಲ್ಲ ‘ಆಫ್’ನ ಬೆನ್ನಿಗೆ ಸಾಲುಗಟ್ಟುತ್ತದೆ. ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಬೇರೆ ಪದ ನುಗ್ಗುವುದು ಹೀಗೆ. ಪ್ರಶ್ನೆಪತ್ರಿಕೆ ಮಾಡುವವರು ಬಲೆ ಬೀಸುವುದೂ ಇಲ್ಲೇ. ‘ಒನ್ ಆಫ್ ದ ಬಾಯ್ಸ್ ಆರ್ ಆಬ್ಸೆಂಟ್’ ಎಂಬುದನ್ನು ‘ಹುಡುಗರಲ್ಲಿ ಒಬ್ಬ ಬಂದಿಲ್ಲ’ ಎಂದು ಮನಸ್ಸಿನಲ್ಲೇ ಹೇಳಿಕೊಂಡರೆ ‘ಒಬ್ಬ’ ಎದ್ದು ಕಾಣುತ್ತಾನೆ, ‘ಆರ್’ ಹೋಗಿ ‘ಇಸ್’ ಬರುತ್ತದೆ. ‘ದ ಎಲ್ಡರ್ ಸಿಸ್ಟರ್, ಅಲಾಂಗ್ ವಿತ್ ಹರ್ ಫ್ರೆಂಡ್ಸ್, ಹ್ಯಾವ್ ಕಮ್’ ಎಂಬುದು ‘ಗೆಳತಿಯರ ಜೊತೆ ಅಕ್ಕ ಬಂದಿದ್ದಾಳೆ’ ಎಂದಾಗುತ್ತದೆ. ಗೆಳತಿಯರು ಜೊತೆಗಿದ್ದಾರೆಂಬ ಕಾರಣಕ್ಕೆ ‘ಬಂದಿದ್ದಾರೆ’ ಎಂದು ಯಾರೂ ಹೇಳುವುದಿಲ್ಲ.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ತಾಲ್ಲೂಕುಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ತಪ್ಪು ಹುಡುಕುವುದನ್ನು ಕನ್ನಡ ವ್ಯಾಕರಣದ ಕಡೆಯಿಂದಲೇ ಕಲಿಸಬೇಕು. ಈಗ ನಡೆಯುತ್ತಿರುವುದು ತೀರ ಬೇರೆ. ನೂರಾರು ನಿಯಮಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುತ್ತಾರೆ. ಪರೀಕ್ಷಾ ಕೊಠಡಿಯಲ್ಲಿ ಒಂದು ನಿಮಿಷಕ್ಕಿಂತ ಕಡಿಮೆ ಸಮಯದಲ್ಲಿ ಅಷ್ಟು ನಿಯಮಗಳ ಪೈಕಿ ಯಾವುದನ್ನು ಬಳಸಬೇಕೆಂದು ಹುಡುಕುತ್ತಾ ಕೂರಲು ಆಗುವುದಿಲ್ಲ.

ಅಂಕಗಳ ಲೆಕ್ಕ ಸಣ್ಣದಲ್ಲ. ಸಿಬ್ಬಂದಿ ನೇಮಕಾತಿ ಆಯೋಗದ ಸಿಜಿಎಲ್ ಮೊದಲ ಹಂತದ 100 ಪ್ರಶ್ನೆಗಳಲ್ಲಿ 25 ಇಂಗ್ಲಿಷಿನವು. ಸರಿ ಉತ್ತರಕ್ಕೆ 2 ಅಂಕ, ತಪ್ಪಿದರೆ ಅರ್ಧ ಅಂಕ ಕಡಿತ. ಎರಡನೇ ಹಂತದಲ್ಲಿ 45 ಇಂಗ್ಲಿಷ್ ಪ್ರಶ್ನೆಗಳು, ಒಂದೊಂದಕ್ಕೂ 3 ಅಂಕ. 2023ರ ಜನವರಿಯಲ್ಲಿ ಇದೇ ಆಯೋಗದ ಎಂಟಿಎಸ್ ಮತ್ತು ಸಿಎಚ್‌ಎಸ್‌ಎಲ್ ಪರೀಕ್ಷೆಗಳನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವ ತೀರ್ಮಾನ ಪ್ರಕಟವಾದಾಗ ಇಲ್ಲಿಯವರಿಗೆ ನಿಜಕ್ಕೂ ಸಂತೋಷವಾಯಿತು. ಆದರೆ ಇಂಗ್ಲಿಷ್ ಭಾಗ ಇಂಗ್ಲಿಷಿನಲ್ಲೇ ಉಳಿಯಿತು. ರಾಜ್ಯದ ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗಳಲ್ಲಿ ಸಾಮಾನ್ಯ ಕನ್ನಡ ಅಥವಾ ಸಾಮಾನ್ಯ ಇಂಗ್ಲಿಷ್ ಎಂಬ ಆಯ್ಕೆ ಇತ್ತು, ಹೆದರಿಕೆ ಇದ್ದವರು ಕನ್ನಡ ಹಿಡಿದು ಪಾರಾಗುತ್ತಿದ್ದರು. 2024ರಲ್ಲಿ 1000 ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳಿಗೆ ನಡೆದ ಪರೀಕ್ಷೆಯ ಎರಡನೇ ಪತ್ರಿಕೆಯಲ್ಲಿ ಆ ದಾರಿಯೂ ಇರಲಿಲ್ಲ. ಕನ್ನಡಕ್ಕೆ 35, ಇಂಗ್ಲಿಷಿಗೆ 35, ಕಂಪ್ಯೂಟರ್ ಜ್ಞಾನಕ್ಕೆ 30 ಅಂಕ, ಜೊತೆಗೆ ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಪಹಣಿ, ಬರಪರಿಹಾರ, ಪಿಂಚಣಿ ಅರ್ಜಿಗಳನ್ನು ಕನ್ನಡದಲ್ಲೇ ನೋಡಬೇಕಾದ ಗ್ರಾಮ ಆಡಳಿತ ಅಧಿಕಾರಿಗೆ ಕನ್ನಡದಷ್ಟೇ ತೂಕದ ಇಂಗ್ಲಿಷ್ ಏಕೆ ಬೇಕು ಎಂದು ಕೇಳುವುದು ನ್ಯಾಯವೇ. ಆ ಪ್ರಶ್ನೆಯನ್ನು ಸರ್ಕಾರದ ಮುಂದೆ ಇಡುತ್ತಲೇ ಇರಬೇಕು. ಮುಂದಿನ ತಿಂಗಳು ಪರೀಕ್ಷೆ ಬರೆಯುವವರು ಅದರ ಉತ್ತರಕ್ಕೆ ಕಾಯುವಂತಿಲ್ಲ, ಅಷ್ಟೇ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸತೊಡಗಿದ್ದು 2007-08ರಲ್ಲಿ. ಆ ವರ್ಷ ಶಾಲೆಗೆ ಸೇರಿದ ಮಕ್ಕಳು ಈಗ ಇಪ್ಪತ್ತರ ನಡುವಿನಲ್ಲಿದ್ದಾರೆ, ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಂದ ಹೊರಬಂದು ಅರ್ಜಿ ಹಾಕುತ್ತಿದ್ದಾರೆ. ಅನುಕೂಲ ಇದ್ದವರು ಧಾರವಾಡದ ಸಪ್ತಾಪುರಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಕೋಚಿಂಗ್‌ಗೆ ಹೋಗುತ್ತಾರೆ. ಉಳಿದವರ ಗುರು ಯೂಟ್ಯೂಬ್. ಅಲ್ಲಿ ಕೇಂದ್ರದ ಪರೀಕ್ಷೆಗಳಿಗೆ ಸಿಗುವ ಪಾಠಗಳಲ್ಲಿ ಬಹುಪಾಲು ಹಿಂದಿಯವು. ವಿವರಣೆಯೂ ಹಿಂದಿ, ಹೋಲಿಕೆಯೂ ಹಿಂದಿ. ಇನ್ನು ಕಪಾಟಿನ ಪುಸ್ತಕ ನೋಡಿದರೆ ರೆನ್ ಅಂಡ್ ಮಾರ್ಟಿನ್. 1930ರ ದಶಕದ ಆ ಪುಸ್ತಕ ವಿದ್ವತ್ತಿನಲ್ಲಿ ಕಡಿಮೆಯದಲ್ಲ. ಆದರೆ ಅದು ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ವಿವರಿಸುತ್ತದೆ. ಓದುವವರ ಮನೆಮಾತು ಯಾವುದೆಂಬುದು ಅದರ ಲೆಕ್ಕದಲ್ಲಿ ಇಲ್ಲ.

ಕಲಿಯುವವರ ತಪ್ಪುಗಳು ಹೇಗೆಂದರೆ ಹಾಗೆ ಹುಟ್ಟುವುದಿಲ್ಲ, ಅವುಗಳಿಗೊಂದು ಕ್ರಮವಿದೆ ಎಂದು ಬ್ರಿಟಿಷ್ ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲೇ ಬರೆದರು. ಅದಕ್ಕೂ ಹತ್ತು ವರ್ಷ ಹಿಂದೆ ಅಮೆರಿಕದ ರಾಬರ್ಟ್ ಲ್ಯಾಡೊ, ಮೊದಲ ಭಾಷೆಯನ್ನೂ ಕಲಿಯುವ ಭಾಷೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಕಷ್ಟದ ಜಾಗಗಳನ್ನು ಮೊದಲೇ ಗುರುತಿಸಬಹುದೆಂದು ವಾದಿಸಿದ್ದರು. ಎಲ್ಲ ತಪ್ಪಿಗೂ ಮೊದಲ ಭಾಷೆಯೇ ಕಾರಣವಲ್ಲ ಎಂಬುದು ಆಮೇಲೆ ಸ್ಪಷ್ಟವಾಯಿತು, ನಿಜ. ಆದರೂ ಕನ್ನಡಿಗರ ಇಂಗ್ಲಿಷ್ ತಪ್ಪುಗಳಲ್ಲಿ ಹಲವನ್ನು ಹಿಂದಕ್ಕೆ ಹಿಡಿದುಕೊಂಡು ಹೋದರೆ ಕೊನೆಗೆ ಸಿಗುವುದು ಕನ್ನಡದ ಒಂದು ಪ್ರತ್ಯಯ.

‘ಇಂದ’ ನೋಡಿ. ‘2021ರಿಂದ ಹೊನ್ನಾಳಿಯಲ್ಲಿದ್ದೇನೆ’, ‘ನಾಲ್ಕು ವರ್ಷದಿಂದ ಹೊನ್ನಾಳಿಯಲ್ಲಿದ್ದೇನೆ’ ಎರಡಕ್ಕೂ ಕನ್ನಡದಲ್ಲಿ ಅದೇ ‘ಇಂದ’ ಸಾಕು. ಇಂಗ್ಲಿಷಿಗೆ ಎರಡು ಬೇಕು: ಶುರುವಾದ ಕಾಲ ಹೇಳಿದರೆ ‘ಸಿನ್ಸ್’, ಕಳೆದ ಅವಧಿ ಹೇಳಿದರೆ ‘ಫಾರ್’. ಮೇಲಾಗಿ ಕನ್ನಡದ ವರ್ತಮಾನ ಅಲ್ಲಿ ನಡೆಯುವುದಿಲ್ಲ. ಆದ್ದರಿಂದಲೇ ‘ಐ ಆಮ್ ಲಿವಿಂಗ್ ಇನ್ ಹೊನ್ನಾಳಿ ಸಿನ್ಸ್ ಫೋರ್ ಇಯರ್ಸ್’ ಎಂಬ ವಾಕ್ಯದಲ್ಲಿ ಎರಡು ಕಡೆ ತಪ್ಪಿದ್ದರೂ ಕನ್ನಡದ ಕಿವಿಗೆ ಒಂದೂ ತಾಗುವುದಿಲ್ಲ. ‘ಐ ಹ್ಯಾವ್ ಬೀನ್ ಲಿವಿಂಗ್ ಇನ್ ಹೊನ್ನಾಳಿ ಫಾರ್ ಫೋರ್ ಇಯರ್ಸ್’ ಎಂಬುದು ಸರಿ. ‘ಗೆ’ ಪ್ರತ್ಯಯದ್ದೂ ಇದೇ ಕಥೆ. ದಾವಣಗೆರೆಗೆ ತಲುಪಿದೆ, ಮನೆಗೆ ಹೋದೆ ಎನ್ನುವ ರೂಢಿಯಿಂದ ‘ರೀಚ್ಡ್ ಟು ದಾವಣಗೆರೆ’, ‘ವೆಂಟ್ ಟು ಹೋಮ್’ ಹುಟ್ಟುತ್ತವೆ. ‘ಬಗ್ಗೆ ಚರ್ಚಿಸು’ ಎಂಬುದರಿಂದ ‘ಡಿಸ್ಕಸ್ ಅಬೌಟ್’ ಬರುತ್ತದೆ. ‘ಅವರು ನನಗಿಂತ ಸೀನಿಯರ್’ ಎನ್ನುವ ‘ಗಿಂತ’ದಿಂದ ‘ಸೀನಿಯರ್ ದ್ಯಾನ್ ಮಿ’ ಬರುತ್ತದೆ. ಅಲ್ಲಿ ಬೇಕಾದದ್ದು ‘ಟು’. ವಾಕ್ಯದ ಕೊನೆಗೆ ಎಲ್ಲದಕ್ಕೂ ಹೊಂದುವ ನಮ್ಮ ‘ಅಲ್ವಾ’, ‘ಯು ಆರ್ ಫ್ರಮ್ ಜಗಳೂರು, ಇಸಂಟ್ ಇಟ್?’ ಎಂದು ಕೇಳಿಸುತ್ತದೆ. ಪರೀಕ್ಷೆಗೆ ‘ಆರಂಟ್ ಯು’ ಬೇಕು.

ಜಗಳೂರಿನವರಿಗೆ ಇನ್ನೊಂದು ಉದಾಹರಣೆ ಊರಲ್ಲೇ ಇದೆ. ತುಂಗಭದ್ರೆಯಿಂದ ನೀರು ತಂದು 57 ಕೆರೆ ತುಂಬಿಸುವ ಯೋಜನೆ. ಸಂಖ್ಯೆ 57 ಆದರೂ ಕನ್ನಡಕ್ಕೆ ‘ಕೆರೆ’ ಸಾಕು, ‘ಕೆರೆಗಳು’ ಎನ್ನಲೇಬೇಕೆಂದಿಲ್ಲ. ಹತ್ತು ರೂಪಾಯಿ, ಮೂರು ಎಕರೆ, ಐದು ಕ್ವಿಂಟಲ್ ಎಲ್ಲವೂ ಹಾಗೆಯೇ. ಸಂಖ್ಯೆಯೇ ಬಹುತ್ವ ಹೇಳಿಬಿಟ್ಟ ಮೇಲೆ ಮತ್ತೆ ಪ್ರತ್ಯಯ ಏಕೆ ಎನ್ನುವುದು ಕನ್ನಡದ ನಡೆ. ಇಂಗ್ಲಿಷ್ ‘ಫಿಫ್ಟಿ ಸೆವೆನ್ ಲೇಕ್ಸ್’ ಎಂದು ಎರಡು ಸಲ ಹೇಳಿಸುತ್ತದೆ. ಅದೇ ಅಳತೆ ವಿಶೇಷಣವಾಗಿ ನಾಮಪದದ ಮುಂದೆ ನಿಂತಾಗ ಮಾತ್ರ ಕನ್ನಡದ ದಾರಿಗೆ ಬರುತ್ತದೆ: ‘ಅ ಥ್ರೀ-ಏಕರ್ ಪ್ಲಾಟ್’. ಅಲ್ಲಿ ‘ಏಕರ್ಸ್’ ಬಂದಿದ್ದರೆ ತಪ್ಪು ಅದೇ.

ಕನ್ನಡ ದಾರಿ ತಪ್ಪಿಸುವಷ್ಟೇ ದಾರಿ ತೋರಿಸುತ್ತದೆ ಎಂಬುದನ್ನು ಹೇಳುವವರು ಕಡಿಮೆ. ‘ಇಫ್ ಇಟ್ ವಿಲ್ ರೈನ್ ಟುಮಾರೊ’ ಎಂಬ ವಾಕ್ಯವನ್ನೇ ತೆಗೆದುಕೊಳ್ಳಿ. ‘ನಾಳೆ ಮಳೆ ಬಂದರೆ’ ಎನ್ನುತ್ತೇವೆ. ನಾಳೆಯ ಮಾತಾದರೂ ‘ಬಂದರೆ’ ಭೂತಕಾಲದ ‘ಬಂದ’ದ ಮೇಲೆ ಕಟ್ಟಿದ್ದು, ಅಲ್ಲಿ ಭವಿಷ್ಯದ ಗುರುತಿಲ್ಲ. ‘ಇಫ್’ ಇರುವ ಕಡೆ ‘ವಿಲ್’ ಬೇಡ ಎಂಬುದನ್ನು ಕನ್ನಡಿಗರು ಇದರಿಂದಲೇ ಹಿಡಿಯಬಹುದು. ‘ಮಳೆ ಬಂದರೂ ಬೆಳೆ ಕೈಗೆ ಬರಲಿಲ್ಲ’ ಎಂಬಲ್ಲಿ ಒಂದು ‘ರೂ’ ಸಾಕಾದಂತೆ ‘ಆಲ್ದೋ’ ಬಂದ ವಾಕ್ಯದಲ್ಲಿ ‘ಬಟ್’ ಬೇಡ. ‘ನನಗೆ ಇಬ್ಬರು ತಮ್ಮಂದಿರು ಇದ್ದಾರೆ’ ಎನ್ನುವವರು ‘ಇರುತ್ತಾ ಇದ್ದಾರೆ’ ಎನ್ನುವುದಿಲ್ಲ, ಹಾಗಾದರೆ ‘ಐ ಆಮ್ ಹ್ಯಾವಿಂಗ್ ಟು ಬ್ರದರ್ಸ್’ ಏಕೆ?

ಆರ್ಟಿಕಲ್ ಎಂದರೆ ಎಲ್ಲರಿಗೂ ತಲೆನೋವು. ಅದು ಕನ್ನಡದಲ್ಲಿ ಇಲ್ಲವೇ ಇಲ್ಲ ಎಂದು ಹೇಳಿ ಮುಂದೆ ಹೋಗುತ್ತಾರೆ. ಆದರೆ ‘ಅಂಗಡಿಯಲ್ಲಿ ಪೆನ್ನು ತಗೊಂಡೆ, ಪೆನ್ನನ್ನು ತಮ್ಮನಿಗೆ ಕೊಟ್ಟೆ’ ಎಂಬ ಮಾತು ಗಮನಿಸಿ. ಮೊದಲ ಸಲ ಬರಿಯ ‘ಪೆನ್ನು’, ಯಾವುದೋ ಒಂದು. ಎರಡನೆಯ ಸಲ ‘ಅನ್ನು’ ಬಂದಾಗ ಅದೇ ಪೆನ್ನು. ಮೊದಲನೆಯದು ‘ಅ’, ಎರಡನೆಯದು ‘ದ’. ಎಲ್ಲ ಕಡೆ ಈ ಲೆಕ್ಕ ಹೊಂದುವುದಿಲ್ಲ, ಆದರೆ ಶುರು ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ‘ಅ’ ಬೇಕೋ ‘ಆನ್’ ಬೇಕೋ ಎಂಬ ಪ್ರಶ್ನೆಗಂತೂ ಕನ್ನಡ ಲಿಪಿಯೇ ಉತ್ತರ ಕೊಡುತ್ತದೆ. ಆ ಪದವನ್ನು ಕನ್ನಡದಲ್ಲಿ ಬರೆದು ನೋಡಬೇಕು. ಸ್ವರದಿಂದ ಶುರುವಾದರೆ ‘ಆನ್’: ಆನ್ ಅವರ್, ಆನ್ ಎಂಎಲ್‌ಎ, ಆನ್ ಎಫ್‌ಡಿಎ. ವ್ಯಂಜನದಿಂದ ಶುರುವಾದರೆ ‘ಅ’: ಅ ಯೂನಿವರ್ಸಿಟಿ, ಅ ಯೂರೋಪಿಯನ್. ಇಂಗ್ಲಿಷ್ ಸ್ಪೆಲಿಂಗ್ ಮುಚ್ಚಿಡುವ ಉಚ್ಚಾರಣೆಯನ್ನು ನಮ್ಮ ಲಿಪಿ ಬಿಚ್ಚಿಡುತ್ತದೆ. ಎಚ್ಚರ ಬೇಕಾದ ಜಾಗ ಒಂದಿದೆ: ‘ಒನ್’ ಎಂದು ಬರೆದರೂ ಅದರ ಉಚ್ಚಾರಣೆ ‘ವನ್’, ಹಾಗಾಗಿ ‘ಅ ವನ್-ರುಪೀ ನೋಟ್’.

ಕನ್ನಡದಿಂದ ಏನೂ ನೆರವು ಸಿಗದ ಭಾಗವೂ ಇದೆ, ಅದನ್ನು ಕಲಿಯುವವರಿಂದ ಮುಚ್ಚಿಡಬಾರದು. ‘ನೋ ಸೂನರ್’ ಬಂದರೆ ‘ದ್ಯಾನ್’, ‘ಹಾರ್ಡ್ಲಿ’ ಬಂದರೆ ‘ವೆನ್’, ‘ಲೆಸ್ಟ್’ ಬಂದರೆ ‘ಶುಡ್’, ಇವು ಬಾಯಿಪಾಠವೇ. ನದಿಯ ಹೆಸರಿಗೆ ‘ದ’ ಬೇಕು, ಒಂಟಿ ಕೆರೆಯ ಹೆಸರಿಗೆ ಬೇಡ. ಹೊನ್ನಾಳಿಯವರು ‘ದ ತುಂಗಭದ್ರಾ’ ಎಂದೂ ಚನ್ನಗಿರಿಯವರು ಸೂಳೆಕೆರೆಯನ್ನು ಬರಿಯ ‘ಶಾಂತಿಸಾಗರ’ ಎಂದೂ ನೆನಪಿಟ್ಟುಕೊಂಡರೆ ಆ ನಿಯಮ ಮರೆಯುವುದಿಲ್ಲ. ‘ಫರ್ನಿಚರ್’, ‘ಇನ್ಫರ್ಮೇಷನ್’, ‘ಲಗೇಜ್’ಗಳಿಗೆ ಬಹುವಚನ ಹಚ್ಚಬಾರದೆಂಬುದೂ ಹಾಗೆಯೇ. ಕಚೇರಿ ಕಡತಗಳಲ್ಲಿ ‘ಮಾಹಿತಿಗಳು’ ಎಂದು ಓದಿ ಓದಿ ಆ ಅಭ್ಯಾಸ ಗಟ್ಟಿಯಾಗಿರುತ್ತದೆ.

ನ್ಯಾಮತಿಯ ವಿಚಾರದಲ್ಲಿ ಇನ್ನೊಂದು ಪದರ ಸೇರುತ್ತದೆ. ಲಂಬಾಣಿಗರ ಸಂತ ಸೇವಾಲಾಲರ ಜನ್ಮಸ್ಥಳವೆಂದು ಹೆಸರಾದ ಸೂರಗೊಂಡನಕೊಪ್ಪ ಇರುವ ಈ ತಾಲ್ಲೂಕಿನ ತಾಂಡಾಗಳ ಮಕ್ಕಳಿಗೆ ಮನೆಮಾತು ಲಂಬಾಣಿ, ಶಾಲೆಯ ಭಾಷೆ ಕನ್ನಡ, ಪರೀಕ್ಷೆಯದು ಇಂಗ್ಲಿಷ್. ಲಂಬಾಣಿ ಇಂಡೋ-ಆರ್ಯನ್ ಕುಟುಂಬದ ಭಾಷೆ. ಅದರ ಕ್ರಿಯಾಪದ, ಲಿಂಗ, ವಿಭಕ್ತಿಗಳ ನಡೆ ಕನ್ನಡದ್ದಲ್ಲ. ಇವರಿಗೆ ಪಾಠ ಮಾಡುವಾಗ ‘ಇದನ್ನು ಮನೆಯಲ್ಲಿ ಹೇಗೆ ಹೇಳ್ತೀರಿ’ ಎಂದು ಕೇಳಿಯೇ ಮುಂದೆ ಹೋಗಬೇಕು. ಹಲವು ಮನೆಗಳಲ್ಲಿ ಉರ್ದು ಆಡುವ ಚನ್ನಗಿರಿ ಪೇಟೆಯಲ್ಲೂ ಅಷ್ಟೇ.

ಭಾಷಾವಿಜ್ಞಾನಿ ಡಿ.ಎನ್. ಶಂಕರಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕದಲ್ಲಿ, ಕನ್ನಡದ ರಚನೆಯನ್ನು ಸಂಸ್ಕೃತದ ಚೌಕಟ್ಟು ಬಿಟ್ಟು ಅದರದೇ ನೆಲೆಯಲ್ಲಿ ನೋಡಬೇಕೆಂದು ವಾದಿಸಿದರು. ಹಾಗೆ ನೋಡಿದ ಕನ್ನಡ ವ್ಯಾಕರಣ ಇಂಗ್ಲಿಷ್ ಕಲಿಕೆಗೂ ಒದಗುತ್ತದೆ. ಅದಕ್ಕೆ ಬೇಕಾದ ಜನ ಈ ತಾಲ್ಲೂಕುಗಳಲ್ಲೇ ಇದ್ದಾರೆ. ಪ್ರಥಮ ದರ್ಜೆ ಕಾಲೇಜಿನಲ್ಲಿ ಕನ್ನಡ ವಿಭಾಗವೂ ಇಂಗ್ಲಿಷ್ ವಿಭಾಗವೂ ಒಂದೇ ಕಟ್ಟಡದಲ್ಲಿವೆ. ಇಬ್ಬರು ಅಧ್ಯಾಪಕರು ವಾರಕ್ಕೊಂದು ಗಂಟೆ ಒಂದೇ ತರಗತಿಯಲ್ಲಿ ನಿಂತು, ಹಳೆಯ ಪ್ರಶ್ನೆಪತ್ರಿಕೆಯ ಹತ್ತು ವಾಕ್ಯಗಳನ್ನು ಎರಡೂ ಭಾಷೆಯಲ್ಲಿ ಬಿಡಿಸಿದರೆ ಸಾಕು. ದಾವಣಗೆರೆ ವಿಶ್ವವಿದ್ಯಾಲಯ ಆ ವಾಕ್ಯಗಳನ್ನು ಒಟ್ಟುಮಾಡಿ, ಕನ್ನಡದಲ್ಲೇ ವಿವರಣೆ ಕೊಟ್ಟು, ಕಡಿಮೆ ಬೆಲೆಯ ಅಭ್ಯಾಸ ಪುಸ್ತಕ ಮಾಡಬಹುದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಅಲ್ಲಿ ಓದಲು ಕೂರುವವರಲ್ಲಿ ಬಹಳ ಮಂದಿ ಇದೇ ಪರೀಕ್ಷೆಗಳ ತಯಾರಿಯಲ್ಲಿರುವವರು. ಆ ಪುಸ್ತಕ ಮೊದಲು ತಲುಪಬೇಕಾದದ್ದು ಅಲ್ಲಿಗೆ. ಅದರಲ್ಲಿ ಕನಿಷ್ಠ ಕಾಲುಭಾಗ ವಾಕ್ಯಗಳು ತಪ್ಪೇ ಇಲ್ಲದವು ಆಗಿರಲಿ. ಆಯ್ಕೆಗಳಲ್ಲಿ ‘ನೋ ಎರರ್’ ಇರುವ ಪ್ರಶ್ನೆಗಳಲ್ಲಿ ತಪ್ಪು ಹುಡುಕುವ ಹಟಕ್ಕೆ ಬಿದ್ದು ಸರಿಯಾದ ವಾಕ್ಯವನ್ನು ಕೆಡಿಸಿದರೂ ಅಂಕ ಹೋಗುತ್ತದೆ. ಸರಿ ಇರುವುದನ್ನು ಸರಿ ಎಂದು ಗುರುತಿಸುವ ಅಭ್ಯಾಸ ಈಗಿನ ನಿಯಮಪಟ್ಟಿಗಳಲ್ಲಿ ಎಲ್ಲೂ ಸಿಗುವುದಿಲ್ಲ.