ಹಿಂದಿನ ಪುಟದಿಂದ ತಂದದ್ದು ಎಲ್ಲಿ, ಸ್ವಾಮೀ?

‘ಅಪ್‌ಗ್ರೇಡ್’ ಅನ್ನುವ ಪದ ಕಿವಿಗೆ ಬಿದ್ದರೆ ಸಾಕು, ಈಗೀಗ ನನ್ನ ಕೈ ತಾನಾಗಿಯೇ ಜೇಬಿನ ಮೇಲೆ ಹೋಗುತ್ತದೆ. ಲೋಕಲ್ ಟ್ರೇನು ದಾದರ್ ಹತ್ತಿರ ಬಂದಾಗ ಹೋಗುತ್ತದಲ್ಲ, ಹಾಗೆ!

ನಾನು ಕಂಪ್ಯೂಟರ್ ಓದಿದವನಲ್ಲ. ಬಿಕಾಂ ಮುಗಿಸಿ ಬ್ಯಾಂಕ್ ಸೇರಿ, ಮುಂಬಯಿಗೆ ವರ್ಗವಾಗಿ ಬಂದು ಇಲ್ಲೇ ಬೇರು ಬಿಟ್ಟವನು. ಆದರೆ ನಮ್ಮ ಉಪನಗರದ ಕನ್ನಡ ಸಂಘಕ್ಕೆ ಹಲವು ವರ್ಷಗಳಿಂದ ನಾನೇ ಖಜಾಂಚಿ. ಸಂಘದ ವೆಬ್‌ಸೈಟು, ಮಹಿಳಾ ವಿಭಾಗದ್ದು, ಯಕ್ಷಗಾನ ಮಂಡಳಿಯದು, ರಾತ್ರಿಶಾಲೆಯ ಹಳೆ ವಿದ್ಯಾರ್ಥಿಗಳದ್ದು, ಹೀಗೆ ಒಟ್ಟು 11 ಸೈಟುಗಳು ಒಂದೇ ಬಾಡಿಗೆ ಸರ್ವರಿನಲ್ಲಿದ್ದವು. ತಿಂಗಳು ತಿಂಗಳು ಬಾಡಿಗೆ ಕಟ್ಟುವವನು ನಾನು. ಕಟ್ಟುವವನಿಗೆ ಕೇಳುವ ಹಕ್ಕಿಲ್ಲವೇ?

2024ರಲ್ಲಿ ಹೋಸ್ಟಿಂಗ್ ಕಂಪನಿಯಿಂದ ಮೇಲ್ ಬಂತು. ನಿಮ್ಮ ಸರ್ವರಿನ ಸೆಂಟ್‌ಓಎಸ್ 7 ಜೂನ್ 30ಕ್ಕೆ ಅವಧಿ ಮುಗಿಸುತ್ತದೆ, ಹೊಸ ಸರ್ವರಿಗೆ ಬನ್ನಿ, ಹಳೆಯದನ್ನು 30 ದಿನಗಳಲ್ಲಿ ಬಂದ್ ಮಾಡುತ್ತೇವೆ. ಒಳ್ಳೆಯದೇ ಆಯಿತು ಅಂದುಕೊಂಡೆವು. ಭದ್ರತೆಯ ತೇಪೆಗಳು ಬರುವುದು ನಿಂತ ಸರ್ವರನ್ನು ಬಳಸುವುದು ಬೀಗ ಕೆಟ್ಟ ಲಾಕರಿನಲ್ಲಿ ಒಡವೆ ಇಟ್ಟ ಹಾಗೆ. ಅದನ್ನು ಬ್ಯಾಂಕಿನವನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ನನ್ನ ಜಗಳ ಹೊಸದರ ಮೇಲಲ್ಲ. ಹಳೆಯದನ್ನು ಹೊಸದಕ್ಕೆ ದಾಟಿಸುವ ಹೊಣೆ ಯಾರದ್ದು ಅನ್ನುವುದರ ಮೇಲೆ.

ಹೊಸ ಸರ್ವರ್ ಬಂತು. ಪ್ರೊಸೆಸರ್ ಹೊಸದು, ಡಿಸ್ಕ್ ಹೊಸದು, ಪಿಎಚ್‌ಪಿ 8, ಎಲ್ಲವೂ ಹೊಸದು. ಸೈಟು ತೆರೆದರೆ ಅರ್ಧ ಪುಟಗಳು ಖಾಲಿ ಬಿಳಿ ಹಾಳೆ! ನಮ್ಮ ಪುಟಗಳು ಪಿಎಚ್‌ಪಿ 5ರ ಕಾಲದವು. ಡೇಟಾಬೇಸ್ ಜೊತೆ ಮಾತಾಡಲು ಅವು ಬಳಸುತ್ತಿದ್ದ ಹಳೆಯ ಆಜ್ಞೆಗಳನ್ನು 2015ರಲ್ಲಿ ಬಂದ ಪಿಎಚ್‌ಪಿ 7ರಲ್ಲೇ ಕಿತ್ತುಹಾಕಿದ್ದರಂತೆ. ಸರಿ, ಅದನ್ನು ಸರಿಪಡಿಸಿದ್ದಾಯಿತು. ಆಗ ಪುಟಗಳು ಬಂದವು, ಆದರೆ ಕನ್ನಡ ಬರಲಿಲ್ಲ. ಒಂದೊಂದು ಅಕ್ಷರದ ಜಾಗದಲ್ಲೂ ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ‘ಎ’, ಅದರ ಪಕ್ಕ ಘಾತದ ಹಾಗೆ ಪುಟ್ಟದೊಂದು 2 ಇಲ್ಲವೇ 3, ಆಮೇಲೆ ಇನ್ನೇನೋ ಒಂದು ಚಿಹ್ನೆ. ಮೂರು ಸಾವಿರ ಪದಗಳ ಲೇಖನ ಬೀಜಗಣಿತದ ಪರೀಕ್ಷೆಯ ಹಾಗೆ ಕಾಣುತ್ತಿತ್ತು.

ಹೆಲ್ಪ್‌ಲೈನಿಗೆ ಫೋನು ಮಾಡಿದೆ. “ಸರ್, ಡೇಟಾ ತೋ ಆ ಗಯಾ ಹೈ. ನೀವು ಕನ್ನಡ ಫಾಂಟ್ ಹಾಕಿಕೊಳ್ಳಿ” ಅಂದ!

ಫಾಂಟಿನ ಮಾತೇ ಅಲ್ಲ ಅದು. ಯೂನಿಕೋಡ್ ಯುಟಿಎಫ್-8ರಲ್ಲಿ ಒಂದು ಕನ್ನಡ ಅಕ್ಷರಕ್ಕೆ ಮೂರು ಬೈಟು ಬೇಕು. ಹಳೆಯ ಮೈಎಸ್‌ಕ್ಯೂಎಲ್‌ನಲ್ಲಿ ನಾವು ಬೇರೆ ಏನೂ ಹೇಳದಿದ್ದರೆ ಕೋಷ್ಟಕಗಳಿಗೆ ‘ಲ್ಯಾಟಿನ್1’ ಎಂಬ ಯುರೋಪಿನ ಹಣೆಪಟ್ಟಿ ಬೀಳುತ್ತಿತ್ತು. ಒಳಗಿರುವುದು ಕನ್ನಡ, ಹೊರಗಿನ ಚೀಟಿ ಲ್ಯಾಟಿನ್. ಹಳೆಯ ಸರ್ವರ್ ಚೀಟಿಯ ಗೊಡವೆಗೆ ಹೋಗದೆ ಬೈಟುಗಳನ್ನು ಇದ್ದ ಹಾಗೇ ಕೊಡುತ್ತಿತ್ತು, ಬ್ರೌಸರ್ ಓದಿಕೊಳ್ಳುತ್ತಿತ್ತು. 2018ರ ಮೈಎಸ್‌ಕ್ಯೂಎಲ್ 8ರಿಂದ ಸಹಜ ಹಣೆಪಟ್ಟಿ ಯುಟಿಎಫ್ ಆಯಿತು. ಇದು ಕನ್ನಡಕ್ಕೆ ಒಳ್ಳೆಯ ಬದಲಾವಣೆಯೇ. ಆದರೆ ಸಾಗಿಸುವಾಗ ಯಂತ್ರ ಚೀಟಿಯನ್ನು ನಂಬಿ, ಮೊದಲೇ ಯುಟಿಎಫ್ ಆಗಿದ್ದುದನ್ನು ಮತ್ತೊಮ್ಮೆ ಯುಟಿಎಫ್ ಮಾಡಿಬಿಟ್ಟಿತು! ಪರಿಹಾರವೂ ದೊಡ್ಡದಲ್ಲ. ಹಳೆಯದನ್ನು ಲ್ಯಾಟಿನ್1 ಅಂತಲೇ ಹೊರತೆಗೆದು, ಚೀಟಿ ಬದಲಿಸಿ ಒಳಗೆ ಹಾಕಬೇಕು. ಪುಣೆಯಲ್ಲಿ ಕೆಲಸ ಮಾಡುವ ನಮ್ಮ ಸದಸ್ಯರೊಬ್ಬರ ಮಗಳು ಆಫೀಸು ಮುಗಿಸಿ ಬಂದು ನಾಲ್ಕು ಸಂಜೆ ಕೂತು ಮಾಡಿಕೊಟ್ಟಳು. ಇದೇ ವ್ಯಾಪಾರ ಮಾಡಿಕೊಂಡಿರುವ ಕಂಪನಿಗೆ ಅಷ್ಟು ತಿಳಿಯದೇ? ತಿಳಿಯುವ ಅಗತ್ಯ ಅವರಿಗೆ ಕಾಣಲಿಲ್ಲ, ಅಷ್ಟೇ. ಇಂಗ್ಲಿಷ್ ಅಕ್ಷರ ಎರಡೂ ಪದ್ಧತಿಯಲ್ಲಿ ಒಂದೇ ಬೈಟು, ಅದಕ್ಕೆ ಏನೂ ಆಗುವುದಿಲ್ಲ. ಮುಖಪುಟದ ಇಂಗ್ಲಿಷ್ ಸಾಲು ನೋಡಿ ‘ಸಕ್ಸಸ್’ ಅಂತ ಬರೆದು ಕೈ ತೊಳೆದುಕೊಂಡರು.

ಇಷ್ಟಾದ ಮೇಲೆ ನನ್ನೊಳಗಿನ ಬ್ಯಾಂಕಿನವ ಎದ್ದು ಕೂತ. ಲೇಖನಗಳನ್ನು ಎಣಿಸಿದೆ. ಹಳೆಯದರಲ್ಲಿ 612, ಹೊಸದರಲ್ಲಿ 597. ಹದಿನೈದು ಎಲ್ಲಿ? “ಮೋಸ್ಟ್ಲೀ ಎಲ್ಲಾ ಬಂದಿದೆ ಸರ್” ಅಂತ ಉತ್ತರ.

ಮೋಸ್ಟ್ಲೀ! ನಮ್ಮ ಕಾಲದಲ್ಲಿ ಲೆಡ್ಜರ್ ಬ್ಯಾಲೆನ್ಸಿಂಗ್‌ನಲ್ಲಿ 27 ರೂಪಾಯಿ ವ್ಯತ್ಯಾಸ ಬಂದರೆ ಮನೆಗೆ ಹೋಗುವ ಹಾಗಿರಲಿಲ್ಲ. ವ್ಯತ್ಯಾಸ 9ರಿಂದ ಭಾಗವಾಗುತ್ತದೆಯೇ ನೋಡು ಅನ್ನುತ್ತಿದ್ದರು ಹಿರಿಯರು. ಭಾಗವಾದರೆ ಯಾರೋ 85ನ್ನು 58 ಅಂತ ಅಂಕಿ ತಿರುಗಿಸಿ ಬರೆದಿರುವ ಸಾಧ್ಯತೆ ಹೆಚ್ಚು. ಹುಡುಕಿ, ಸರಿಮಾಡಿ, ಆಮೇಲೆ ಕೊನೆಯ ಲೋಕಲ್ ಹಿಡಿಯುವುದು. ಪುಟ ತುಂಬಿದರೆ ಹೊಸ ಪುಟದ ಮೊದಲ ಸಾಲಿನಲ್ಲಿ ‘ಬಿ/ಎಫ್’, ಅಂದರೆ ಹಿಂದಿನ ಪುಟದಿಂದ ತಂದದ್ದು. ಅದಿಲ್ಲದೆ ಹೊಸ ಪುಟದಲ್ಲಿ ಒಂದು ಅಂಕಿಯನ್ನೂ ಬರೆಯುವಂತಿಲ್ಲ. ಬ್ಯಾಂಕಿಗೆ ಕಂಪ್ಯೂಟರ್ ಬಂದಾಗಲೂ ಲೆಡ್ಜರನ್ನು ಮರುದಿನವೇ ರದ್ದಿಗೆ ಹಾಕಲಿಲ್ಲ. ಕೈಬರಹದ ಲೆಕ್ಕ, ಯಂತ್ರದ ಲೆಕ್ಕ ಎರಡನ್ನೂ ಜೊತೆಜೊತೆಗೆ ನಡೆಸಿ, ಎರಡೂ ತಾಳೆಯಾದ ಮೇಲೇ ಹಳೆಯದಕ್ಕೆ ಗೆರೆ ಎಳೆದೆವು.

ಕಾಣೆಯಾದ ಹದಿನೈದು ಯಾವುವು ಗೊತ್ತೇ? ಎಲ್ಲವೂ ಗಾತ್ರದಲ್ಲಿ ದೊಡ್ಡವು. ಹೊಸ ಸರ್ವರಿನ ಮಿತಿಗೆ ಮೀರಿದ್ದಕ್ಕೆ ಅದು ಸದ್ದಿಲ್ಲದೆ ಬಿಟ್ಟುಬಿಟ್ಟಿತ್ತು. ಅದರಲ್ಲೊಂದು, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಕಲಿತ ನಮ್ಮ ಹಿರಿಯರೊಬ್ಬರು 2006ರಲ್ಲಿ ಬರೆದ ನೆನಪುಗಳು. ಅವರು ಈಗಿಲ್ಲ. ಕೈಬರಹದ ಪ್ರತಿಯೂ ಇಲ್ಲ. ಹಳೆಯ ಸರ್ವರ್ ಬಂದ್ ಆಗಲು ಇನ್ನು ನಾಲ್ಕು ದಿನ ಇತ್ತು, ಎಣಿಸಿದ್ದರಿಂದ ಸಿಕ್ಕಿತು. ಎಣಿಸದಿದ್ದರೆ? ಮುಂಬಯಿ ಕನ್ನಡಿಗರ ಬದುಕಿನ ಒಂದು ಪುಟ ‘ಮೋಸ್ಟ್ಲೀ’ಯೊಳಗೆ ಹೂತು ಹೋಗುತ್ತಿತ್ತು.

ಈ ರೋಗ ಇವತ್ತಿನದಲ್ಲ. 1998ರಲ್ಲಿ ಅಮೆರಿಕದ ಕೋಬಾಲ್ಟ್ ಎಂಬ ಕಂಪನಿ ‘ರ‍್ಯಾಕ್’ ಅನ್ನುವ ಚಪ್ಪಟೆ ನೀಲಿ ಪೆಟ್ಟಿಗೆ ಮಾರಿತು. ಲಿನಕ್ಸ್ ಗೊತ್ತಿಲ್ಲದವನೂ ಬ್ರೌಸರಿನಲ್ಲೇ ಹತ್ತಾರು ಸೈಟು ನಡೆಸಬಹುದಾದ ಸರ್ವರ್. ಜನ ಮೆಚ್ಚಿ ಕೊಂಡರು. ಎರಡನೆಯ ಮಾದರಿ ಮಿಪ್ಸ್ ಪ್ರೊಸೆಸರಿನದು, ಮೂರನೆಯದು ಎಎಮ್‌ಡಿಯದು. ಅದಕ್ಕಾಗಿ ತಯಾರಿಸಿದ ಪ್ರೋಗ್ರಾಮು ಇದರಲ್ಲಿ ಓಡದು! ಒಂದರಿಂದ ಇನ್ನೊಂದಕ್ಕೆ ಸೈಟುಗಳನ್ನು ಸಾಗಿಸಲು ಬೇರೆಯೇ ಒಂದು ಸಲಕರಣೆ ಬೇಕಾಯಿತು. 2000ದಲ್ಲಿ ಸನ್ ಕಂಪನಿ ಸುಮಾರು 200 ಕೋಟಿ ಡಾಲರ್ ಬೆಲೆಯ ಷೇರು ಕೊಟ್ಟು ಕೋಬಾಲ್ಟನ್ನು ಕೊಂಡಿತು, ಕೆಲವೇ ವರ್ಷಗಳಲ್ಲಿ ಆ ಪೆಟ್ಟಿಗೆಗಳನ್ನೇ ನಿಲ್ಲಿಸಿತು. ನ್ಯಾಯವಾಗಿ ಹೇಳಬೇಕೆಂದರೆ, ಅದರ ಸೋರ್ಸ್ ಕೋಡನ್ನು ಹೊರಗೆ ಬಿಟ್ಟಿತು. ಬ್ಲೂಕ್ವಾರ್ಟ್ಜ್, ಆಮೇಲೆ ಬ್ಲೂಆನಿಕ್ಸ್ ಎಂಬ ಹೆಸರಿನಲ್ಲಿ ಬಳಕೆದಾರರೇ ಅದನ್ನು ಬದುಕಿಸಿಕೊಂಡರು. ದುಡ್ಡು ಕೊಟ್ಟವರೇ ಕೊನೆಗೆ ಹೊರೆಯನ್ನೂ ಹೊತ್ತರು!

ಸೆಂಟ್‌ಓಎಸ್ ಕತೆಯೂ ಅದೇ. 8ನೇ ಆವೃತ್ತಿ 2029ರವರೆಗೆ ಬಾಳುತ್ತದೆಂದು ನಂಬಿ ಜನ ಹೋದರು. 2020ರ ಡಿಸೆಂಬರಿನಲ್ಲಿ ರೆಡ್ ಹ್ಯಾಟ್, 2021ರ ಕೊನೆಗೇ ಮುಗಿಯಿತು ಅಂದುಬಿಟ್ಟಿತು. ಬೇಗ ಅಪ್‌ಗ್ರೇಡ್ ಮಾಡಿಕೊಂಡ ಶಿಸ್ತಿನವರಿಗೇ ಮೊದಲ ಏಟು. ಹಳೆಯ 7ರಲ್ಲೇ ಉಳಿದವರು 2024ರವರೆಗೆ ಹಾಯಾಗಿದ್ದರು! ಅದಕ್ಕೂ ಮುಂಚೆ, 2019ರಲ್ಲಿ ಸಿಪ್ಯಾನೆಲ್ ಎಂಬ ನಿಯಂತ್ರಣ ಫಲಕದವರು ಸರ್ವರಿಗೆ ಇಷ್ಟು ಅನ್ನುವ ದರ ಬಿಟ್ಟು ಖಾತೆಗಳ ಲೆಕ್ಕಕ್ಕೆ ಇಳಿದರು. ಹಲವು ಸಣ್ಣ ಸೈಟುಗಳನ್ನು ಒಂದೇ ಕಡೆ ಇಟ್ಟುಕೊಂಡವರ ಬಿಲ್ಲು ಏರಿತು.

“ನಿಮ್ಮದು ಅನ್‌ಮ್ಯಾನೇಜ್ಡ್ ಪ್ಲಾನ್, ಸಾಗಿಸುವುದು ನಿಮ್ಮ ಜವಾಬ್ದಾರಿ” ಅನ್ನುತ್ತಾರೆ. ಚೆನ್ನಾಗಿದೆ ನ್ಯಾಯ! ಬಂದ್ ಮಾಡುವ ದಿನ ಸರ್ವರ್ ಅವರದು, ಹೊತ್ತು ಸಾಗಿಸುವ ದಿನ ನಮ್ಮದು. ಈ ಊರಿನಲ್ಲಿ ಹಳೇ ಕಟ್ಟಡದ ರೀಡೆವಲಪ್‌ಮೆಂಟ್ ಅಂದರೆ ಸೊಸೈಟಿಯವರು ಬಿಲ್ಡರಿನ ಹತ್ತಿರ ಅಗ್ರಿಮೆಂಟ್ ಮಾಡಿಸಿಕೊಳ್ಳುತ್ತಾರೆ. ಹೊಸ ಮನೆ ಎಷ್ಟು ಚದರಡಿ, ಅಲ್ಲಿಯವರೆಗೆ ಬಾಡಿಗೆ ಯಾರು ಕೊಡುತ್ತಾರೆ, ಎಲ್ಲ ಬರಹದಲ್ಲಿ. ನಮಗೆ ಬಂದದ್ದು ಒಂದು ಮೇಲ್, ಜೊತೆಗೆ ಒಂದು ತಿಂಗಳ ಡಬಲ್ ಬಾಡಿಗೆ.

ದೊಡ್ಡವರು ಎಡವಿದರೆ ಕೇಳುವವರಿದ್ದಾರೆ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು 2018ರ ಏಪ್ರಿಲ್‌ನಲ್ಲಿ ಗ್ರಾಹಕರ ಖಾತೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸಿತು. 19 ಲಕ್ಷದಷ್ಟು ಜನರಿಗೆ ತಮ್ಮ ಖಾತೆಯೇ ತೆರೆಯಲಿಲ್ಲ. ಎಲ್ಲಾ ಸರಿಹೋಗಲು ಡಿಸೆಂಬರ್ ಬಂತು. 2022ರಲ್ಲಿ ನಿಯಂತ್ರಕರು ಬ್ಯಾಂಕಿಗೆ 4.865 ಕೋಟಿ ಪೌಂಡ್ ದಂಡ ಹಾಕಿದರು. ಮರುವರ್ಷ ಅಲ್ಲಿನ ಆಗಿನ ಮಾಹಿತಿ ತಂತ್ರಜ್ಞಾನ ಮುಖ್ಯಸ್ಥರಿಗೂ ವೈಯಕ್ತಿಕವಾಗಿ 81,620 ಪೌಂಡ್ ದಂಡ! ನಮ್ಮಂಥ ಸಂಘಗಳಿಗೆ ಯಾವ ನಿಯಂತ್ರಕ ಇದ್ದಾನೆ? ಅದಕ್ಕೇ ನಮ್ಮ ಷರತ್ತನ್ನು ನಾವೇ ಹಾಕಬೇಕು.

ಷರತ್ತು ದೊಡ್ಡದೇನಲ್ಲ. ಒಂದು, ಹಳೆಯದರಲ್ಲಿ ಎಷ್ಟು ಲೇಖನ, ಎಷ್ಟು ಚಿತ್ರ, ಎಷ್ಟು ಮೇಲ್ ಖಾತೆ, ಹೊಸದರಲ್ಲಿ ಎಷ್ಟು - ಪಟ್ಟಿಯಲ್ಲಿ ಎರಡೂ ಕಡೆಯವರ ಒಪ್ಪಿಗೆ ಇರಬೇಕು. ಎರಡು, ತಾಳೆಯಾಗುವವರೆಗೆ ಎರಡೂ ಸರ್ವರ್ ನಡೆಯಬೇಕು, ಬಾಡಿಗೆ ಒಂದೇ. ಮೂರು, ಪರೀಕ್ಷೆ ಕನ್ನಡ ಪುಟದಲ್ಲಿ ಆಗಬೇಕು, ಅದೂ ಒತ್ತಕ್ಷರ ಇರುವ ಉದ್ದದ ಲೇಖನದಲ್ಲಿ. ನಾಲ್ಕು, ಹೊಸ ಪರವಾನಗಿಗಳ ಖರ್ಚು ಎಷ್ಟೆಂದು ಮೊದಲೇ ಬರಹದಲ್ಲಿ ಕೊಡಬೇಕು. ಇನ್ನು ನಾವು ಮಾಡಬೇಕಾದದ್ದು ಒಂದೇ: ಪೂರ್ತಿ ಸೈಟಿನ ಒಂದು ಪ್ರತಿ ಯಾವಾಗಲೂ ನಮ್ಮ ಕೈಯಲ್ಲಿ, ನಮ್ಮದೇ ಡಿಸ್ಕಿನಲ್ಲಿ ಇರಲಿ.

ನಿಮ್ಮ ಸಂಘಕ್ಕೂ, ಶಾಲೆಗೂ, ಪತ್ರಿಕೆಗೂ ನಾಳೆ ಇಂಥದೇ ಮೇಲ್ ಬರುತ್ತದೆ. ಭದ್ರತೆ, ವೇಗ ಅಂತ ಚೆಂದದ ಮಾತಿರುತ್ತದೆ. ಎಲ್ಲಾ ಕೇಳಿಸಿಕೊಳ್ಳಿ, ತಲೆಯಾಡಿಸಿ. ಕೊನೆಯಲ್ಲಿ ಒಂದೇ ಪ್ರಶ್ನೆ ಕೇಳಿ: ಹಿಂದಿನ ಪುಟದಿಂದ ತಂದದ್ದು ಎಲ್ಲಿ, ಸ್ವಾಮೀ? ಅದನ್ನು ತೋರಿಸುವವರೆಗೆ ಚೆಕ್ಕಿಗೆ ಸಹಿ ಹಾಕಬೇಡಿ.