ನ್ಯೂಟ್ರಲ್‌ನಲ್ಲಿ ಘಟ್ಟವಿಳಿಯುವ ಜಾಣರಿಗೆ

ಸಂಘದ ಕಳೆದ ವನಭೋಜನದಲ್ಲಿ ಹಿರಿಯ ಸದಸ್ಯರೊಬ್ಬರು ರಜೆಯಲ್ಲಿ ಊರಿಗೆ ಹೋದಾಗಿನ ಸಾಹಸವೊಂದನ್ನು ಬಣ್ಣಿಸುತ್ತಿದ್ದರು. ತಮ್ಮನ ಬೈಕನ್ನೇರಿ, ಆಗುಂಬೆಯ ತುದಿಯಲ್ಲಿ ಅದನ್ನು ನ್ಯೂಟ್ರಲ್‌ಗೆ ಹಾಕಿ, ಕೀಲಿಯನ್ನೂ ತಿರುಗಿಸಿ, ಸೋಮೇಶ್ವರದವರೆಗೆ ಒಂದು ಹನಿ ಪೆಟ್ರೋಲ್ ಸುಡದೆ ಇಳಿದರಂತೆ. ಸುತ್ತಲಿದ್ದವರು ತಲೆದೂಗಿದರು. ಅವರ ಹದಿನೇಳರ ಮಗನೂ ಅಲ್ಲಿಯೇ ಕುಳಿತು ಕೇಳುತ್ತಿದ್ದನು. ಊಟದ ಹೊತ್ತೆಂದು ನಾವು ಸುಮ್ಮನಿದ್ದೆವು. ಆ ಮೌನಕ್ಕೆ ನಾಚಿ ಇದನ್ನು ಬರೆಯುತ್ತಿದ್ದೇವೆ.

ಇದು ಜಾಣತನವಲ್ಲ, ಜೀವದೊಡನೆ ಜೂಜು. ಗಾಡಿ ಗೇರಿನಲ್ಲಿದ್ದು ಥ್ರಾಟಲ್ ಬಿಟ್ಟಾಗ ಎಂಜಿನ್ನೇ ಹಿಂದಿನ ಚಕ್ರವನ್ನು ಹಿಡಿದಿಡುತ್ತದೆ. ನ್ಯೂಟ್ರಲ್‌ಗೆ ಹಾಕಿದರೂ ಕ್ಲಚ್ ಒತ್ತಿಹಿಡಿದೇ ಇಳಿದರೂ ಆ ಹಿಡಿತ ತಪ್ಪಿ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಒತ್ತಿ ಒತ್ತಿ ಕಾದ ಬ್ರೇಕ್ ಕೊನೆಯ ತಿರುವುಗಳಲ್ಲಿ ಹಿಡಿಯದೆ ಹೋಗಬಹುದು. ಕೀಲಿ ತಿರುಗಿಸಿದವರಿಗೆ ಹಾರ್ನೂ ಇಲ್ಲ, ದೀಪವೂ ಇಲ್ಲ. ತಿರುವನ್ನು ಪೂರ್ತಿ ಆಕ್ರಮಿಸಿ ಬಸ್ಸೊಂದು ಏರಿ ಬಂದರೆ, ಗೇರು ಹುಡುಕಲು ಕಾಲಿಗೆ ಸಮಯವೆಲ್ಲಿದೆ?

ಇನ್ನು ಉಳಿತಾಯದ ಮಾತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಭಾರತದಲ್ಲಿ ಮಾರಾಟವಾದ ಬಹುಪಾಲು ಬೈಕುಗಳು ಫ್ಯುಯೆಲ್ ಇಂಜೆಕ್ಷನ್‌ನವು. ಗೇರಿನಲ್ಲಿ ಥ್ರಾಟಲ್ ಪೂರ್ತಿ ಬಿಟ್ಟು ಇಳಿಯುವಾಗ ಇವು ಸಾಮಾನ್ಯವಾಗಿ ಪೆಟ್ರೋಲನ್ನು ತಾವಾಗಿಯೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಿರಲು ಸುಡುತ್ತಲೇ ಇರಬೇಕು. ಹಳೆಯ ಕಾರ್ಬುರೇಟರ್ ಗಾಡಿಯಲ್ಲಿ ಕೊಂಚ ಉಳಿದೀತು, ಒಪ್ಪುತ್ತೇವೆ. ಆದರೆ ತೊಡೆಯ ಮೂಳೆ ಮುರಿದರೆ ಒಂದರಿಂದ ಒಂದೂವರೆ ಲೀಟರ್ ರಕ್ತ ತೊಡೆಯೊಳಗೇ ಸೋರಬಲ್ಲದು. ಹೊರಗೆ ಒಂದು ತೊಟ್ಟೂ ಕಾಣದಿರಬಹುದು. ಹೌಸ್ ಸರ್ಜನ್ ಆಗಿದ್ದ ದಿನಗಳಲ್ಲಿ ಇಂತಹ ತೊಡೆಗಳಿಗೆ ನಾವು ಪಟ್ಟಿ ಕಟ್ಟಿದ್ದೇವೆ. “ಬ್ರೇಕ್ ಹಿಡೀಲಿಲ್ಲ ಡಾಕ್ಟ್ರೇ” ಎನ್ನುತ್ತಿದ್ದರು. ಯಾವ ಗೇರಿನಲ್ಲಿದ್ದಿರಿ ಎಂದು ಕೇಳಿದರೆ ಉತ್ತರವಿರುತ್ತಿರಲಿಲ್ಲ.

ನಾವು ನೆಲೆಸಿರುವ ಈ ಬ್ರಿಟನ್ನಿನ ಹೈವೇ ಕೋಡ್‌ನ 122ನೆಯ ನಿಯಮವೂ ಇದನ್ನೇ ಎಚ್ಚರಿಸುತ್ತದೆ. ಇಲ್ಲಿ ಅದನ್ನು ಓದಿ ಪರೀಕ್ಷೆ ಪಾಸಾದವರು ಬೆಂಗಳೂರಿನಲ್ಲಿ ವಿಮಾನವಿಳಿದೊಡನೆ ಮರೆಯುವುದೇಕೆ?

ನ್ಯೂಟ್ರಲ್‌ಗೆ ಅದರದೇ ಜಾಗವಿದೆ: ಗಾಡಿ ನಿಂತಾಗ. ಅದೂ ಸಿಗ್ನಲ್‌ನಲ್ಲಿ, ಹಿಂದಿನ ವಾಹನ ನಿಲ್ಲುವವರೆಗೆ ಕ್ಲಚ್ ಹಿಡಿದು ಮೊದಲ ಗೇರಿನಲ್ಲಿದ್ದು, ಆನಂತರವಷ್ಟೇ. ಘಟ್ಟದಲ್ಲಿ ತಿರುವಿಗೆ ಮುನ್ನವೇ ವೇಗ ತಗ್ಗಿಸಿ, ಕೆಳಗಿನ ಗೇರಿಗೆ ಇಳಿಸಿ, ಕ್ಲಚ್ಚನ್ನು ಮೆಲ್ಲನೆ ಪೂರ್ತಿ ಬಿಡಬೇಕು. ಥಟ್ಟನೆ ಬಿಟ್ಟರೆ ಮಳೆಗಾಲದ ರಸ್ತೆಯಲ್ಲಿ ಹಿಂದಿನ ಚಕ್ರ ಜಾರುತ್ತದೆ. ಗಾಡಿ ಇನ್ನೇನು ನಿಲ್ಲಬೇಕೆನ್ನುವಾಗ ಮಾತ್ರ ಮತ್ತೆ ಕ್ಲಚ್.

ಆ ಹುಡುಗನು ಮುಂದಿನ ತಿಂಗಳು ಸಿಬಿಟಿ ತರಬೇತಿಗೆ ಹೋಗುವನಂತೆ. ಅಲ್ಲಿಂದ ಬಂದ ಸಂಜೆ ತಂದೆಯನ್ನು ಎದುರಿಗೆ ಕೂರಿಸಿಕೊಂಡು, ಕಲಿತದ್ದನ್ನೆಲ್ಲ ಒಪ್ಪಿಸಲಿ ಎಂದು ಕೋರುತ್ತೇವೆ.